ಹಲವು ಕಟ್ಟೆಗಳಿಗೆ ಒಂದೇ ಮುದ್ರೆ



ಬೆಂಗಳೂರಿನ ಮೆಟ್ರೋ ರೈಲಿನ ನೇರಳೆ ಮಾರ್ಗದಲ್ಲಿ ನೀವು ಎಂದಾದರೂ ಹೊಸಹಳ್ಳಿಯಲ್ಲಿ ಇಳಿದಿದ್ದೀರಾ? 2015ರಲ್ಲಿ ತೆರೆದ ಆ ನಿಲ್ದಾಣಕ್ಕೆ ಇಂದು ಶ್ರೀ ಬಾಲಗಂಗಾಧರನಾಥ ಸ್ವಾಮೀಜಿ ನಿಲ್ದಾಣ, ಹೊಸಹಳ್ಳಿ ಎಂದು ಹೆಸರು. ಹೆಸರಿನಲ್ಲಿ ಹಳ್ಳಿ ಉಳಿದಿದೆ, ನೆಲದ ಮೇಲೆ ಉಳಿದಿಲ್ಲ. ಮೆಟ್ಟಿಲಿಳಿದು ಮಾಗಡಿ ರಸ್ತೆಗೆ ಬಂದು ದಾರಿ ಕೇಳಿದರೆ ಜನ 'ಟೋಲ್‌ಗೇಟ್' ಎಂದು ಗುರುತು ಹೇಳುತ್ತಾರೆ. ಅಲ್ಲಿ ಈಗ ಗೇಟೂ ಇಲ್ಲ, ಟೋಲೂ ಇಲ್ಲ. ಅದೇ ರಸ್ತೆಯಲ್ಲಿ ಪಶ್ಚಿಮಕ್ಕೆ ಹೊರಟು ಕಾಮಾಕ್ಷಿಪಾಳ್ಯ, ಸುಮನಹಳ್ಳಿ, ಕೊಟ್ಟಿಗೆಪಾಳ್ಯಗಳನ್ನು ದಾಟಿದರೆ ಸುಂಕದಕಟ್ಟೆ ಸಿಗುತ್ತದೆ. ಟೋಲ್‌ಗೇಟ್ ಎಂದರೂ ಸುಂಕದಕಟ್ಟೆ ಎಂದರೂ ಅರ್ಥ ಒಂದೇ. ಒಂದೇ ರಸ್ತೆಯ ಎರಡು ತಾಣಗಳು, ಒಂದು ಇಂಗ್ಲಿಷ್ ಹೆಸರಿನಲ್ಲಿ ಇನ್ನೊಂದು ಕನ್ನಡದ ಹೆಸರಿನಲ್ಲಿ, ಹಳೆಯ ಒಂದು ಕಷ್ಟವನ್ನು ನೆನಪಿಸುತ್ತ ನಿಂತಿವೆ. ಸರಕು ಹೊತ್ತು ಹೊರಟವನು ಪ್ರತಿಯೊಂದು ಕಟ್ಟೆಯಲ್ಲೂ ನಿಲ್ಲಬೇಕು, ತಾನು ಯಾರು, ಏನು ಹೊತ್ತಿದ್ದೇನೆ, ಎಲ್ಲಿಗೆ ಹೋಗುತ್ತಿದ್ದೇನೆ ಎಂದು ಮತ್ತೆ ಮತ್ತೆ ಹೇಳಬೇಕು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ನಮ್ಮ ಶಾಸನಗಳನ್ನು ಓದಿದವರಿಗೆ ಪೆರ್ಜುಂಕ, ವಡ್ಡರಾವುಳ ಎಂಬ ಸುಂಕಗಳ ಹೆಸರುಗಳೂ ಸುಂಕವೆರ್ಗಡೆ ಎಂಬ ಅಧಿಕಾರಿಯ ಹೆಸರೂ ಪರಿಚಿತ. ಇಂತಿಷ್ಟು ಎತ್ತುಗಳ ಹೇರಿಗೆ ಸುಂಕವಿಲ್ಲ ಎಂದು ಬರೆಸಿಕೊಟ್ಟ ವಿನಾಯಿತಿಗಳೂ ಅವುಗಳಲ್ಲಿವೆ. ವಿನಾಯಿತಿ ಎಂದರೇನು? ಒಂದು ಕಡೆ ಒಬ್ಬ ಅಧಿಕಾರಸ್ಥ ನಿಮ್ಮನ್ನು ಗುರುತಿಸಿ ಮಾತು ಕೊಟ್ಟಿದ್ದಾನೆ. ಆ ಮಾತನ್ನು ಬೇರೆ ಕಡೆಯ ಕಟ್ಟೆಯವನು, ನಿಮ್ಮನ್ನು ಎಂದೂ ನೋಡದವನು, ಒಪ್ಪಿಕೊಳ್ಳಬೇಕು. ಮುಂದೆ ಇದಕ್ಕೇ ರಹದಾರಿ ಎಂಬ ಹೆಸರು ಬಂತು. ಈ ಲೇಖನದ ವಿಷಯ ಕಂಪ್ಯೂಟರಿನದು. ಆದರೆ ಅದರ ಬೇರು ಇಲ್ಲಿದೆ ಎಂದು ನಾನು ತಿಳಿದಿದ್ದೇನೆ.

ಇನ್ನೂ ಹಿಂದಕ್ಕೆ ಹೋಗುವುದಾದರೆ ಅಶೋಕವನದಲ್ಲಿ ಹನುಮಂತ ಸೀತೆಯ ಮುಂದಿಟ್ಟ ಉಂಗುರವನ್ನು ನೆನೆಯಿರಿ. ಸೀತೆಗೆ ಹನುಮಂತನ ಪರಿಚಯವಿರಲಿಲ್ಲ. ರಾಮನ ಮುದ್ರೆಯುಂಗುರದ ಪರಿಚಯವಿತ್ತು. ಆಕೆಯೂ ಚೂಡಾಮಣಿಯನ್ನು ಕೊಟ್ಟು ಕಳಿಸಿದಳು. ಇವನು ನಿಜವಾಗಿ ಸೀತೆಯನ್ನು ಕಂಡು ಬಂದವನು ಎಂದು ರಾಮನಿಗೂ ತಿಳಿಯಬೇಕಲ್ಲ! ಎರಡೂ ಕಡೆಯವರು ಪರಸ್ಪರ ಖಚಿತಪಡಿಸಿಕೊಳ್ಳುವ ಈ ಏರ್ಪಾಡನ್ನು ಇಂದಿನ ಕಂಪ್ಯೂಟರ್ ಶಾಸ್ತ್ರದ ಪುಸ್ತಕಗಳಲ್ಲಿ ಹಲವು ಪುಟಗಳ ಗಣಿತದೊಡನೆ ವಿವರಿಸುತ್ತಾರೆ. ಶಕುಂತಲೆಯ ಉಂಗುರದ ಕಥೆಯೂ ನಿಮಗೆ ಗೊತ್ತು. ಅದನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟಿರಿ, ಕೊನೆಯಲ್ಲಿ ಬೇಕಾಗುತ್ತದೆ.

ಈಗ ಕಂಪ್ಯೂಟರಿನ ಕಟ್ಟೆಗೆ ಬರೋಣ. ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ 1961ರಲ್ಲಿ ಫೆರ್ನಾಂಡೋ ಕೊರ್ಬಾಟೋ ಮತ್ತು ಸಂಗಡಿಗರು ಒಂದೇ ಯಂತ್ರವನ್ನು ಹಲವರು ಹಂಚಿಕೊಂಡು ಬಳಸುವ ವ್ಯವಸ್ಥೆಯೊಂದನ್ನು ನಡೆಸಿ ತೋರಿಸಿದರು. ಹಲವರು ಬಂದ ಮೇಲೆ ಯಾರ ಕಡತ ಯಾರದು ಎಂಬ ಪ್ರಶ್ನೆ ಬಂತು. ಅದಕ್ಕೆ ಪಾಸ್‌ವರ್ಡ್ ಬಂತು. ಅದರ ಹಿಂದೆಯೇ ಕಳ್ಳತನವೂ ಬಂತು. ಅಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿಗೆ ವಾರಕ್ಕೆ 4 ಗಂಟೆಗಳ ಯಂತ್ರಕಾಲ ಸಿಗುತ್ತಿತ್ತು; ಅವನ ಕೆಲಸಕ್ಕೆ ಅದು ಸಾಲದು. 1962ರಲ್ಲಿ ಅವನು ಎಲ್ಲರ ಪಾಸ್‌ವರ್ಡುಗಳಿದ್ದ ಕಡತವನ್ನೇ ಮುದ್ರಿಸುವಂತೆ ಯಂತ್ರಕ್ಕೆ ಕೇಳಿದ, ಯಂತ್ರ ವಿಧೇಯವಾಗಿ ಮುದ್ರಿಸಿಕೊಟ್ಟಿತು. ಬಹಳ ವರ್ಷಗಳ ನಂತರ ಅವನೇ ಇದನ್ನು ಹೇಳಿಕೊಂಡ. 1966ರಲ್ಲಂತೂ ಒಂದು ತಪ್ಪಿನಿಂದಾಗಿ, ಯಂತ್ರವನ್ನು ಪ್ರವೇಶಿಸಿದವರಿಗೆಲ್ಲ ಅಂದಿನ ಪ್ರಕಟಣೆಯ ಬದಲು ಪಾಸ್‌ವರ್ಡುಗಳ ಪಟ್ಟಿಯೇ ಕಾಣಿಸಿತು! ಪಾಸ್‌ವರ್ಡಿನ ಇತಿಹಾಸದ ಮೊದಲ ಐದು ವರ್ಷಗಳಲ್ಲೇ ಅದರ ದೌರ್ಬಲ್ಯವೆಲ್ಲ ಬಯಲಾಗಿತ್ತು ಎಂಬುದು ನನಗೆ ಈಗಲೂ ಆಶ್ಚರ್ಯ.

ಅದೇ ಎಂ.ಐ.ಟಿ.ಯಲ್ಲಿ 1983ರಲ್ಲಿ ಅಥೀನಾ ಎಂಬ ಯೋಜನೆ ಆರಂಭವಾಯಿತು. ವಿದ್ಯಾಲಯದ ತುಂಬ ಕಂಪ್ಯೂಟರುಗಳು. ಕಡತಕ್ಕೆ ಒಂದು ಯಂತ್ರ, ಮುದ್ರಣಕ್ಕೆ ಇನ್ನೊಂದು, ಟಪಾಲಿಗೆ ಮತ್ತೊಂದು. ಪ್ರತಿಯೊಂದಕ್ಕೂ ವಿದ್ಯಾರ್ಥಿ ಪಾಸ್‌ವರ್ಡ್ ಕೊಡುತ್ತ ಹೋದರೆ ತಂತಿಯ ಮೇಲೆ ಅದು ಓಡಾಡುತ್ತದೆ, ನಡುವೆ ಕುಳಿತವನು ಕದಿಯಬಹುದು. ಇದಕ್ಕೆ ಅವರು ಕಂಡುಕೊಂಡ ಪರಿಹಾರದ ಹೆಸರು ಕರ್ಬರಸ್. ಗ್ರೀಕರ ಪುರಾಣದಲ್ಲಿ ಪಾತಾಳದ ಬಾಗಿಲು ಕಾಯುವ ಮೂರು ತಲೆಯ ನಾಯಿ ಅದು. (ನಮ್ಮ ಯಮನ ಬಾಗಿಲಲ್ಲೂ ಶ್ಯಾಮ, ಶಬಲ ಎಂಬ ಎರಡು ನಾಯಿಗಳಿವೆ, ಒಂದೊಂದಕ್ಕೆ ನಾಲ್ಕು ಕಣ್ಣು, ಭಾರತದಲ್ಲಿ ಇದು ಹುಟ್ಟಿದ್ದರೆ ಆ ಹೆಸರಿಡಬಹುದಾಗಿತ್ತು.)

ಕರ್ಬರಸ್ ಕೆಲಸ ಮಾಡುವ ಬಗೆಯನ್ನು ಗಮನವಿಟ್ಟು ನೋಡಿ, ಏಕೆಂದರೆ ಮುಂದಿನದೆಲ್ಲ ಇದರ ಮಕ್ಕಳು ಮೊಮ್ಮಕ್ಕಳು. ಬೆಳಿಗ್ಗೆ ನೀವು ಒಮ್ಮೆ ಮಾತ್ರ ನಿಮ್ಮ ಪಾಸ್‌ವರ್ಡನ್ನು ನಿಮ್ಮ ಮುಂದಿರುವ ಯಂತ್ರಕ್ಕೆ ಹೇಳುತ್ತೀರಿ. ಆ ಪಾಸ್‌ವರ್ಡ್ ತಂತಿಯ ಮೇಲೆ ಹೋಗುವುದೇ ಇಲ್ಲ. ದೂರದ ಕೇಂದ್ರವು ನಿಮಗಾಗಿ ಒಂದು ಚೀಟಿಯನ್ನು, ನಿಮ್ಮ ಪಾಸ್‌ವರ್ಡಿನಿಂದ ಮಾತ್ರ ತೆರೆಯಬಲ್ಲ ಪೆಟ್ಟಿಗೆಯಲ್ಲಿಟ್ಟು ಕಳಿಸುತ್ತದೆ. ನೀವು ನಿಜವಾದವರಾದರೆ ಪೆಟ್ಟಿಗೆ ತೆರೆಯುತ್ತದೆ. ಆ ಚೀಟಿ ತೋರಿಸಿ ಮುದ್ರಣಕ್ಕೊಂದು, ಟಪಾಲಿಗೊಂದು ಬೇರೆ ಬೇರೆ ಚೀಟಿ ಪಡೆಯುತ್ತೀರಿ. ಎಲ್ಲ ಚೀಟಿಗಳಿಗೂ ಅವಧಿಯಿದೆ. ಕೆಲವು ಗಂಟೆಗಳಾದ ಮೇಲೆ ಅವು ಕಾಗದದ ಚೂರು. ಹಳೆಯ ಚೀಟಿಯನ್ನು ಕದ್ದು ಮತ್ತೆ ತೋರಿಸುವವರನ್ನು ತಡೆಯಲು ಎಲ್ಲ ಯಂತ್ರಗಳ ಗಡಿಯಾರಗಳೂ ಹೊಂದಿಕೊಂಡಿರಬೇಕು. ಸಾಮಾನ್ಯವಾಗಿ ಐದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಾದರೆ ಬಾಗಿಲು ತೆರೆಯದು. ಕರ್ಬರಸ್‌ನ ನಾಲ್ಕನೆಯ ಆವೃತ್ತಿ 1989ರಲ್ಲಿ ಹೊರಗಿನವರಿಗೂ ದೊರೆಯಿತು, ಐದನೆಯದು 1993ರಲ್ಲಿ ಬಂತು. 2000ದಲ್ಲಿ ಮೈಕ್ರೋಸಾಫ್ಟ್ ತನ್ನ ವಿಂಡೋಸ್ ಜಾಲಕ್ಕೂ ಇದನ್ನೇ ಅಳವಡಿಸಿಕೊಂಡಿತು. ಕಚೇರಿಗಳಲ್ಲಿ ಬೆಳಿಗ್ಗೆ ಒಮ್ಮೆ ಲಾಗಿನ್ ಆಗಿ ಸಂಜೆಯವರೆಗೆ ನೆಮ್ಮದಿಯಾಗಿರುವವರು ತಮಗೆ ತಿಳಿಯದೆಯೇ ಆ ಮೂರು ತಲೆಯ ನಾಯಿಯನ್ನು ಸಾಕಿಕೊಂಡಿದ್ದಾರೆ. ಒಮ್ಮೆ ಗುರುತು ಹೇಳಿ ಹಲವು ತಂತ್ರಾಂಶಗಳನ್ನು ಪ್ರವೇಶಿಸುವ ಈ ಪದ್ಧತಿಗೆ ಸಿಂಗಲ್ ಸೈನ್ ಆನ್ ಎಂದು ಹೆಸರು. ನಾವು ಏಕಪ್ರವೇಶ ಎನ್ನೋಣ.

ಇದೇ ಕಾಲದಲ್ಲಿ ನಮ್ಮ ಬೆಂಗಳೂರಿನಲ್ಲಿ ಏನು ನಡೆಯುತ್ತಿತ್ತು? ಕಾರ್ಖಾನೆಗಳ ಕಾರ್ಮಿಕರಿಗೆ ಟೋಕನ್ ಸಂಖ್ಯೆ ಎಂಬುದು ಹೆಸರಿಗಿಂತ ದೊಡ್ಡದಾಗಿದ್ದ ಊರು ಇದು. ಗೇಟಿನಲ್ಲಿ, ಕ್ಯಾಂಟೀನಿನಲ್ಲಿ, ಸಂಬಳದ ಕಿಟಕಿಯಲ್ಲಿ ಒಂದೇ ಸಂಖ್ಯೆ. ಏಕಪ್ರವೇಶದ ಚೀಟಿಗೂ ಇಂದು ತಂತ್ರಜ್ಞರು ಟೋಕನ್ ಎಂದೇ ಕರೆಯುತ್ತಾರೆ! ವ್ಯಾಪಾರದ ತಂತ್ರಾಂಶಕ್ಕೂ ಈ ಊರು ತವರು. ಶ್ಯಾಮಸುಂದರ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ 1986ರಲ್ಲಿ ಆರಂಭಿಸಿದ ಪ್ಯೂಟ್ರಾನಿಕ್ಸ್ ಸಂಸ್ಥೆಯ ಲೆಕ್ಕಪತ್ರ ತಂತ್ರಾಂಶ ಮುಂದೆ ಟ್ಯಾಲಿ ಎಂಬ ಹೆಸರಿನಿಂದ ದೇಶದ ಅಂಗಡಿ ಅಂಗಡಿಗೂ ಹೋಯಿತು. ಜರ್ಮನಿಯ ಸ್ಯಾಪ್ ಸಂಸ್ಥೆ 1998ರಲ್ಲಿ ತನ್ನ ಪ್ರಯೋಗಾಲಯವನ್ನು ಇಲ್ಲಿ ತೆರೆಯಿತು. ಬ್ಯಾಂಕುಗಳಿಗಾಗಿ ಇನ್ಫೋಸಿಸ್ ರೂಪಿಸಿದ ತಂತ್ರಾಂಶಕ್ಕೆ 1999ರಲ್ಲಿ ಫಿನಾಕಲ್ ಎಂಬ ಹೆಸರು ಬಂತು. ಇವೆಲ್ಲ ಒಂದೊಂದೂ ಒಂದು ಕೋಟೆ, ಒಂದೊಂದಕ್ಕೂ ಬೇರೆ ಬಾಗಿಲು, ಬೇರೆ ಕಾವಲುಗಾರ. ನಾನು ಆಗ ಕಂಡ ಒಂದು ಲೆಕ್ಕಪತ್ರ ವಿಭಾಗದಲ್ಲಿ ಗುಮಾಸ್ತರು ಆರು ಪಾಸ್‌ವರ್ಡುಗಳನ್ನು ಒಂದು ಚೀಟಿಯಲ್ಲಿ ಬರೆದು ಗಾಜಿನ ಮೇಜಿನ ಅಡಿಯಲ್ಲಿ, ದೇವರ ಪಟದ ಪಕ್ಕದಲ್ಲಿ ಇಟ್ಟಿದ್ದರು. ದೇವರ ಕಾವಲು ಇದ್ದುದರಿಂದಲೋ ಏನೋ, ಏನೂ ಕಳುವಾಗಲಿಲ್ಲ.

ಕೋಟೆಯ ಒಳಗಿನ ಬಾಗಿಲುಗಳನ್ನು ಒಂದು ಕೀಲಿಯಿಂದ ತೆರೆಯುವುದು ಅಷ್ಟು ಕಷ್ಟವಾಗಲಿಲ್ಲ. ಉದಾಹರಣೆಗೆ ಸ್ಯಾಪ್ ತಂತ್ರಾಂಶವು ಬಳಕೆದಾರನ ಬ್ರೌಸರಿನಲ್ಲಿ ಒಂದು ಸಣ್ಣ ಗುರುತುಚೀಟಿಯನ್ನು ಇಟ್ಟುಬಿಡುತ್ತಿತ್ತು. ಅದೇ ಸಂಸ್ಥೆಯ ಉಳಿದ ಸ್ಯಾಪ್ ಯಂತ್ರಗಳು ಅದನ್ನು ಓದಿ ಒಳಗೆ ಬಿಡುತ್ತಿದ್ದವು. ತೊಡಕು ಇದ್ದದ್ದು ಹೊರಗಿನ ತಂತ್ರಾಂಶಗಳಲ್ಲಿ. ಬ್ರೌಸರಿನಲ್ಲಿಟ್ಟ ಚೀಟಿಯನ್ನು ಅದನ್ನು ಇಟ್ಟವರ ವಿಳಾಸಕ್ಕೆ ಸೇರಿದ ಯಂತ್ರ ಮಾತ್ರ ಓದಬಹುದು. ಬೇರೆ ವಿಳಾಸದ ಯಂತ್ರಕ್ಕೆ ಬ್ರೌಸರ್ ಅದನ್ನು ತೋರಿಸುವುದೇ ಇಲ್ಲ. ಈ ನಿಯಮ ನಿಮ್ಮ ರಕ್ಷಣೆಗಾಗಿಯೇ ಇದೆ. ಆದರೆ ಸಂಬಳದ ಲೆಕ್ಕ ಒಂದು ಸಂಸ್ಥೆಯಲ್ಲಿ, ಪ್ರಯಾಣದ ಟಿಕೆಟ್ಟು ಇನ್ನೊಂದರಲ್ಲಿ, ಗ್ರಾಹಕರ ಪಟ್ಟಿ ಮೂರನೆಯದರಲ್ಲಿ ಎಂಬ ಕಾಲ ಬಂದಾಗ ಈ ನಿಯಮವೇ ಗೋಡೆಯಾಯಿತು.

ಗೋಡೆಯನ್ನು ದಾಟುವ ಮೊದಲ ದೊಡ್ಡ ಪ್ರಯತ್ನ 1999ರಲ್ಲಿ ಮೈಕ್ರೋಸಾಫ್ಟ್ ತಂದ ಪಾಸ್‌ಪೋರ್ಟ್. ಎಲ್ಲ ಅಂಗಡಿಗಳಿಗೂ ನಮ್ಮ ಒಂದೇ ಗುರುತು ಸಾಕು ಎಂದಿತು ಆ ಸಂಸ್ಥೆ. ಹಾಗಾದರೆ ಯಾರು ಎಲ್ಲೆಲ್ಲಿ ಹೋದರು ಎಂಬ ಲೆಕ್ಕವೆಲ್ಲ ಒಬ್ಬರ ಕೈಯಲ್ಲಿ ಉಳಿಯುತ್ತದಲ್ಲ ಎಂದು ಉಳಿದವರು ಎದ್ದು ನಿಂತರು. ಸನ್ ಸಂಸ್ಥೆಯ ಮುಂದಾಳತ್ವದಲ್ಲಿ 2001ರಲ್ಲಿ ಲಿಬರ್ಟಿ ಅಲಯನ್ಸ್ ಎಂಬ ಕೂಟ ಹುಟ್ಟಿತು. ವ್ಯಾಪಾರದ ಪೈಪೋಟಿ ಅದರಲ್ಲಿ ಧಾರಾಳವಾಗಿತ್ತು, ನಿಜ. ಆದರೂ ಅವರು ಎತ್ತಿದ ಪ್ರಶ್ನೆ ಸರಿಯಾದದ್ದು. ಗುರುತಿಸುವವರು ಒಬ್ಬರೇ ಆಗಬೇಕಿಲ್ಲ; ಪ್ರತಿ ಸಂಸ್ಥೆಯೂ ತನ್ನವರನ್ನು ತಾನೇ ಗುರುತಿಸಲಿ, ಆ ಗುರುತಿನ ಪತ್ರವನ್ನು ಬೇರೆಯವರು ಓದುವ ಒಂದು ಸಾಮಾನ್ಯ ಲಿಪಿ ಇದ್ದರೆ ಸಾಕು ಎಂಬುದು ಅವರ ವಾದ. ಆ ಲಿಪಿಯ ಹೆಸರು ಸ್ಯಾಮಲ್. 2002ರ ನವೆಂಬರಿನಲ್ಲಿ ಅದರ ಮೊದಲ ಆವೃತ್ತಿ, 2005ರ ಮಾರ್ಚಿನಲ್ಲಿ ಎರಡನೆಯದು ಬಂದವು. ಎರಡನೆಯದು ಇಂದಿಗೂ ಬಳಕೆಯಲ್ಲಿದೆ.

ಇದರ ನಡೆಯನ್ನು ಹೀಗೆ ಊಹಿಸಿಕೊಳ್ಳಿ. ಒಂದು ಸಂಸ್ಥೆಯ ಉದ್ಯೋಗಿ ಬೆಳಿಗ್ಗೆ ತನ್ನ ಕಚೇರಿಯ ಯಂತ್ರಕ್ಕೆ ಗುರುತು ಹೇಳಿದ್ದಾನೆ. ಮಧ್ಯಾಹ್ನ ಪ್ರಯಾಣದ ಟಿಕೆಟ್ಟು ಕಾಯ್ದಿರಿಸಲು ಹೊರಗಿನ ಒಂದು ತಂತ್ರಾಂಶವನ್ನು ತೆರೆಯುತ್ತಾನೆ. ಅದು 'ನೀವು ಯಾರೋ ನನಗೆ ತಿಳಿಯದು, ನಿಮ್ಮ ಕಚೇರಿಯಿಂದ ಪತ್ರ ತನ್ನಿ' ಎಂದು ಅವನ ಬ್ರೌಸರನ್ನು ವಾಪಸು ಕಳಿಸುತ್ತದೆ. ಕಚೇರಿಯ ಗುರುತಿನ ಯಂತ್ರ ಇವನು ನಮ್ಮವನೇ ಎಂದು ನೋಡಿ, ಒಂದು ಪತ್ರ ಬರೆದು, ತನ್ನ ರಹಸ್ಯ ಕೀಲಿಯಿಂದ ಅದಕ್ಕೆ ಸಹಿ ಹಾಕಿ ಬ್ರೌಸರಿನ ಕೈಗೆ ಕೊಡುತ್ತದೆ. ಪತ್ರದಲ್ಲಿ ನಾಲ್ಕು ಮಾತು: ಇವನು ಇಂಥವನು, ಈ ಪತ್ರ ಇಂಥ ತಂತ್ರಾಂಶಕ್ಕೆ ಮಾತ್ರ, ಬರೆದದ್ದು ಇಷ್ಟು ಹೊತ್ತಿಗೆ, ಇಷ್ಟು ನಿಮಿಷದ ನಂತರ ಇದು ಸಲ್ಲದು. ಹೊರಗಿನ ತಂತ್ರಾಂಶದ ಬಳಿ ಆ ಕಚೇರಿಯ ಸಹಿಯನ್ನು ಪರೀಕ್ಷಿಸುವ ಬಹಿರಂಗ ಕೀಲಿ ಮೊದಲೇ ಇರುತ್ತದೆ. ಎರಡೂ ಸಂಸ್ಥೆಗಳು ಒಪ್ಪಂದ ಮಾಡಿಕೊಂಡ ದಿನವೇ ಅದನ್ನು ಕೊಟ್ಟು ತೆಗೆದುಕೊಂಡಿರುತ್ತವೆ. ಸಹಿ ಸರಿಯಿದ್ದರೆ ಒಳಗೆ ಬಿಡುತ್ತದೆ. ಇಷ್ಟೆಲ್ಲ ನಡೆಯುವಾಗ ಎರಡು ಯಂತ್ರಗಳು ನೇರವಾಗಿ ಮಾತಾಡಿಯೇ ಇಲ್ಲ. ನಡುವೆ ಓಡಾಡಿದ ಹನುಮಂತ ಎಂದರೆ ಬ್ರೌಸರ್. ಪಾಸ್‌ವರ್ಡ್ ಮನೆ ಬಿಟ್ಟು ಹೊರಗೆ ಕಾಲಿಟ್ಟಿಲ್ಲ. ಆ ಉದ್ಯೋಗಿ ನಾಳೆ ಕೆಲಸ ಬಿಟ್ಟರೆ ಕಚೇರಿಯವರು ಒಂದೇ ಕಡೆ ಅವನ ಹೆಸರು ಹೊಡೆದರೆ ಸಾಕು, ಹೊರಗಿನ ಹತ್ತು ಬಾಗಿಲುಗಳಿಗೂ ಅವನಿಗೆ ಹೊಸ ಪತ್ರ ಸಿಗುವುದಿಲ್ಲ. ಏಕಪ್ರವೇಶದ ದೊಡ್ಡ ಲಾಭ ಇದು ಎಂದು ನನ್ನ ಅಭಿಪ್ರಾಯ. ನೆನಪಿನ ಹೊರೆ ಇಳಿಯುವುದು ಎರಡನೆಯ ಮಾತು.

ಇನ್ನೊಂದು ಬಗೆಯ ಅಗತ್ಯವೂ ಇತ್ತು. ಮನುಷ್ಯ ಕುಳಿತಿಲ್ಲದಾಗ ಒಂದು ತಂತ್ರಾಂಶ ಅವನ ಪರವಾಗಿ ಇನ್ನೊಂದರ ಬಳಿ ಹೋಗಿ ಯಾವುದೋ ಒಂದು ಕೆಲಸ ಮಾಡಿಕೊಂಡು ಬರಬೇಕು. ಅದಕ್ಕೆ ಪೂರ್ತಿ ಪಾಸ್‌ವರ್ಡ್ ಕೊಟ್ಟುಬಿಡುವುದೆಂದರೆ ಹಾಲು ತರುವ ಹುಡುಗನಿಗೆ ತಿಜೋರಿಯ ಬೀಗದ ಕೈ ಕೊಟ್ಟಂತೆ. ಹೊರ ಬಾಗಿಲಿಗೆ ಮಾತ್ರ ಆಗುವ, ಬೇಕೆಂದಾಗ ರದ್ದು ಮಾಡಬಹುದಾದ ಕೀಲಿ ಬೇಕು. 2007ರಲ್ಲಿ ಓಆತ್ ಎಂಬ ವಿಧಾನ ಇದಕ್ಕಾಗಿ ಬಂತು. 2012ರಲ್ಲಿ ಅದರ ಎರಡನೆಯ ರೂಪ, 2014ರಲ್ಲಿ ಅದರ ಮೇಲೆ ಗುರುತಿನ ಪದರವನ್ನು ಸೇರಿಸಿದ ಓಪನ್‌ಐಡಿ ಕನೆಕ್ಟ್. ಹೊರಗಿನ ತಾಣದಲ್ಲಿ ನಿಮ್ಮ ಗೂಗಲ್ ಖಾತೆಯಿಂದಲೇ ಪ್ರವೇಶಿಸಿರಿ ಎಂಬ ಗುಂಡಿ ಕಂಡರೆ ಅದರ ಹಿಂದಿರುವುದು ಇದು.

ಈಗ ಹೊಸಹಳ್ಳಿಗೆ ಹಿಂತಿರುಗೋಣ. ಅಲ್ಲಿಂದ ಕಾಮಾಕ್ಷಿಪಾಳ್ಯದವರೆಗೆ ಸಣ್ಣ ಕೈಗಾರಿಕೆಗಳ ಸಾಲು ಸಾಲು ಶೆಡ್ಡುಗಳಿವೆ. ಅಲ್ಲಿ ತಯಾರಾದ ಬಿಡಿಭಾಗವೊಂದು ಲಾರಿ ಹತ್ತಿ ಹೊಸೂರಿಗೋ ಪುಣೆಗೋ ಹೋಗಬೇಕು. ಹಿಂದೆ ಗಡಿಯ ತನಿಖಾ ಠಾಣೆಗಳಲ್ಲಿ ಲಾರಿಗಳು ನಿಂತು ಕಾಗದ ತೋರಿಸಬೇಕಾಗಿತ್ತು. ವ್ಯಾಟ್ ಇದ್ದ ಕಾಲದಲ್ಲೇ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಇ-ಸುಗಮ್ ಎಂಬ ವ್ಯವಸ್ಥೆಯನ್ನು ತಂದಿತು. ವ್ಯಾಪಾರಿಯೇ ಸರಕಿನ ವಿವರವನ್ನು ಕಂಪ್ಯೂಟರಿನಲ್ಲಿ ತುಂಬಿ ಒಂದು ಸಂಖ್ಯೆ ಪಡೆದು ಲಾರಿಯ ಕಾಗದದ ಮೇಲೆ ಬರೆದರೆ ಆಯಿತು. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ದೇಶಕ್ಕೆಲ್ಲ ಇಂಥದೊಂದು ಬೇಕಾಯಿತು. ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರದ ಬೆಂಗಳೂರಿನ ತಂಡ ಇ-ವೇ ಬಿಲ್ ವ್ಯವಸ್ಥೆಯನ್ನು ರೂಪಿಸಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕರ್ನಾಟಕದಲ್ಲೇ ಅದರ ಪ್ರಯೋಗ ನಡೆಯಿತು. 2018ರ ಫೆಬ್ರವರಿ 1ರಂದು ಇಡೀ ದೇಶಕ್ಕೆ ಜಾರಿ ಮಾಡಹೊರಟಾಗ ಮೊದಲ ದಿನವೇ ಯಂತ್ರಗಳು ಹೊರೆ ತಾಳದೆ ಕುಸಿದವು. ಏಪ್ರಿಲ್ 1ರಂದು ಮತ್ತೆ ಆರಂಭವಾಯಿತು, ಈ ಬಾರಿ ನಿಂತಿತು. ರಾಜ್ಯ ರಾಜ್ಯಗಳ ನಡುವಿನ ಸಾಗಣೆಯೊಡನೆ ರಾಜ್ಯದೊಳಗಿನ ಸಾಗಣೆಗೂ ಅಂದೇ ಅದನ್ನು ಅನ್ವಯಿಸಿದ ರಾಜ್ಯ ಕರ್ನಾಟಕ ಒಂದೇ. ಸುಂಕದಕಟ್ಟೆಯ ಊರಿನವರು ಹೆಮ್ಮೆಪಡಬಹುದಾದ ಸಂಗತಿ.

2020ರ ಅಕ್ಟೋಬರ್ 1ರಿಂದ ಇನ್ನೊಂದು ಹೆಜ್ಜೆ. ವರ್ಷಕ್ಕೆ 500 ಕೋಟಿ ರೂಪಾಯಿಗಿಂತ ಹೆಚ್ಚು ವಹಿವಾಟಿರುವವರು ಇನ್ನೊಂದು ವ್ಯಾಪಾರ ಸಂಸ್ಥೆಗೆ ಮಾಡುವ ಪ್ರತಿಯೊಂದು ಮಾರಾಟದ ಬಿಲ್ಲನ್ನೂ ಸರ್ಕಾರದ ಯಂತ್ರದಲ್ಲಿ ನೋಂದಾಯಿಸಬೇಕು ಎಂದಾಯಿತು. ಆ ಮಿತಿ ಇಳಿಯುತ್ತ ಇಳಿಯುತ್ತ 2023ರ ಆಗಸ್ಟ್ 1ರಿಂದ 5 ಕೋಟಿಗೆ ಬಂತು. ಅಂದರೆ ಶೆಡ್ಡುಗಳ ಬಾಗಿಲಿಗೇ ಬಂತು. ದಿನಕ್ಕೆ ನೂರು ಬಿಲ್ಲು ಬರೆಯುವವನು ನೂರು ಬಾರಿ ತಾಣಕ್ಕೆ ಹೋಗಿ ಪಾಸ್‌ವರ್ಡ್ ಕೊಟ್ಟು ಮತ್ತೆ ಎಲ್ಲ ತುಂಬಲು ಸಾಧ್ಯವೇ? ಇಲ್ಲಿ ವ್ಯಾಪಾರದ ತಂತ್ರಾಂಶವೇ ನೇರವಾಗಿ ಹೊರಗಿನ ತಂತ್ರಾಂಶದೊಡನೆ ಮಾತಾಡಬೇಕಾಯಿತು.

ಅದು ನಡೆಯುವ ಬಗೆ ಹೀಗೆ. ವ್ಯಾಪಾರಿ ಸರ್ಕಾರದ ತಾಣದಲ್ಲಿ ತನ್ನ ಮುಖ್ಯ ಪಾಸ್‌ವರ್ಡನ್ನು ಬಿಟ್ಟು, ತಂತ್ರಾಂಶದ ಬಳಕೆಗೆಂದೇ ಬೇರೊಂದು ಬಳಕೆದಾರ ಹೆಸರು ಮತ್ತು ಪಾಸ್‌ವರ್ಡನ್ನು ಸೃಷ್ಟಿಸಿಕೊಳ್ಳುತ್ತಾನೆ. ಯಾವ ಮಧ್ಯವರ್ತಿ ಸಂಸ್ಥೆಯ ಮೂಲಕ ಸಂಪರ್ಕ ಎಂಬುದನ್ನೂ ಆರಿಸುತ್ತಾನೆ. ಬೆಳಿಗ್ಗೆ ಅಂಗಡಿಯ ಟ್ಯಾಲಿಯೋ ಇನ್ನಾವುದೋ ತಂತ್ರಾಂಶ ಆ ಗುರುತನ್ನು ಸರ್ಕಾರದ ಬಹಿರಂಗ ಕೀಲಿಯಿಂದ ಮೊಹರು ಮಾಡಿ ಒಮ್ಮೆ ಕಳಿಸುತ್ತದೆ. ಮರಳಿ ಒಂದು ಟೋಕನ್ ಬರುತ್ತದೆ. ಅದರ ಆಯುಷ್ಯ 6 ಗಂಟೆ. ಆ 6 ಗಂಟೆ ಬಿಲ್ಲುಗಳು ಟೋಕನ್ ತೋರಿಸಿಕೊಂಡು ಒಂದರ ಹಿಂದೆ ಒಂದು ಹೋಗುತ್ತವೆ, ಪ್ರತಿಯೊಂದೂ 64 ಅಕ್ಷರಗಳ ಒಂದು ಸಂಖ್ಯೆಯನ್ನೂ ಸರ್ಕಾರದ ಸಹಿಯಿರುವ ಕ್ಯೂಆರ್ ಚೌಕವನ್ನೂ ಪಡೆದು ಬರುತ್ತದೆ. ಗುಮಾಸ್ತನಿಗೆ ಇದೊಂದೂ ಕಾಣುವುದಿಲ್ಲ. ಇ-ವೇ ಬಿಲ್ಲಿಗಾಗಿ ನೋಂದಾಯಿಸಿಕೊಂಡ ಬಳಕೆದಾರ ಹೆಸರಿನಿಂದಲೇ ಇ-ಇನ್‌ವಾಯ್ಸ್ ತಾಣಕ್ಕೂ ಪ್ರವೇಶ ಸಿಗುವ ಏರ್ಪಾಡೂ ಇದೆ. ಪಂಡಿತರು ಇದನ್ನು ಶುದ್ಧ ಏಕಪ್ರವೇಶ ಎಂದು ಒಪ್ಪಲಿಕ್ಕಿಲ್ಲ. ಅದರ ಹತ್ತಿರದ ದಾಯಾದಿ ಎನ್ನಬಹುದು. ಒಮ್ಮೆ ಗುರುತು, ನಂತರ ಅವಧಿಯುಳ್ಳ ಚೀಟಿ ಎಂಬ ಅಥೀನಾದ ಸೂತ್ರ ಮಾತ್ರ ಅದೇ.

ಆದರೆ ಎಲ್ಲ ಬಾಗಿಲುಗಳಿಗೆ ಒಂದೇ ಮುದ್ರೆ ಎಂದಮೇಲೆ ಆ ಮುದ್ರೆ ಕಳ್ಳನ ಕೈಗೆ ಸಿಕ್ಕರೆ? 2018ರ ಸೆಪ್ಟೆಂಬರಿನಲ್ಲಿ ಫೇಸ್‌ಬುಕ್ಕಿನ ಒಂದು ದೋಷದಿಂದಾಗಿ ಸುಮಾರು 3 ಕೋಟಿ ಖಾತೆಗಳ ಟೋಕನ್ನುಗಳು ಕಳುವಾದವು. ಯಾರ ಪಾಸ್‌ವರ್ಡೂ ಕದಿಯಬೇಕಾಗಿರಲಿಲ್ಲ. 2020ರ ಡಿಸೆಂಬರಿನಲ್ಲಿ ಬಯಲಾದ ಸೋಲಾರ್‌ವಿಂಡ್ಸ್ ಪ್ರಕರಣ ಇನ್ನೂ ಗಂಭೀರ. ಕೆಲವು ಸಂಸ್ಥೆಗಳಲ್ಲಿ ಕಳ್ಳರು ಪತ್ರಕ್ಕೆ ಸಹಿ ಹಾಕುವ ರಹಸ್ಯ ಕೀಲಿಯನ್ನೇ ವಶಪಡಿಸಿಕೊಂಡು, ತಮಗೆ ಬೇಕಾದವರ ಹೆಸರಿನಲ್ಲಿ ತಾವೇ ಪತ್ರ ಬರೆದುಕೊಂಡು ಹೊರಗಿನ ತಂತ್ರಾಂಶಗಳಿಗೆ ನುಗ್ಗಿದರು. ಸಹಿ ಅಸಲಿಯಾದ್ದರಿಂದ ಕಾವಲುಗಾರನಿಗೆ ಅನುಮಾನ ಬರುವಂತಿರಲಿಲ್ಲ.

ಇನ್ನೊಂದು ಭಯ ಕಳ್ಳನದಲ್ಲ, ಕಾವಲುಗಾರನದು. ಆಧಾರ್ ಯೋಜನೆಯ ತಾಂತ್ರಿಕ ಕೇಂದ್ರ ಬೆಂಗಳೂರಿನಲ್ಲೇ ಬೆಳೆದದ್ದು ನಿಮಗೆ ಗೊತ್ತಿರಬಹುದು. ಆ ಯೋಜನೆಯನ್ನು ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿದವರೂ ಇದೇ ಊರಿನವರು: ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಅರ್ಜಿ ಹಾಕಿದಾಗ ಅವರ ವಯಸ್ಸು 86. ಅವರ ಹೆಸರಿನ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. 2018ರ ಸೆಪ್ಟೆಂಬರ್ 26ರ ತೀರ್ಪು ಆಧಾರ್ ಯೋಜನೆಯನ್ನು ಬಹುಮತದಿಂದ ಎತ್ತಿಹಿಡಿಯಿತು, ಆದರೆ ಖಾಸಗಿ ಸಂಸ್ಥೆಗಳು ಕೇವಲ ಒಪ್ಪಂದದ ಬಲದಿಂದ ಅದನ್ನು ಕೇಳುವ ಅವಕಾಶವನ್ನು ತೆಗೆದುಹಾಕಿತು. ಮರುವರ್ಷ ಕಾನೂನಿಗೆ ತಿದ್ದುಪಡಿಯಾಗಿ, ಒಪ್ಪಿ ಕೊಡುವವರಿಂದ ಪಡೆಯಲು ಕೆಲವರಿಗೆ ದಾರಿಯಾಯಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ತೀರಿಕೊಂಡರು. ಈ ವಾದವಿವಾದಗಳ ನಡುವೆ, 2018ರಲ್ಲಿ, ಆಧಾರ್ ಸಂಖ್ಯೆಯ ಬದಲು ಕೊಡಬಹುದಾದ 16 ಅಂಕಿಗಳ ಬದಲಿ ಸಂಖ್ಯೆ ಬಂತು. ಬೇಕಾದಾಗ ಅದನ್ನು ಹೊಸದಾಗಿ ಪಡೆಯಬಹುದು. ಎರಡು ಸಂಸ್ಥೆಗಳಿಗೆ ಎರಡು ಬೇರೆ ಸಂಖ್ಯೆ ಸಿಕ್ಕಿದರೆ ಅವರಿಬ್ಬರೂ ಕೂಡಿ ನಿಮ್ಮ ಜಾತಕ ಹೊಂದಿಸುವುದು ಕಷ್ಟ.

ನಿಮ್ಮಲ್ಲಿ ಹಲವರು ರಾಜ್ಯದ ವಿದ್ಯಾರ್ಥಿವೇತನಕ್ಕೆ ಕಂಪ್ಯೂಟರಿನಲ್ಲಿ ಅರ್ಜಿ ಹಾಕಿದ್ದೀರಿ. ಜಾತಿ ಮತ್ತು ಆದಾಯದ ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆಯನ್ನು ನೀವು ಬರೆಯುತ್ತೀರಿ. ಅರ್ಜಿಯ ತಂತ್ರಾಂಶ ನಾಡಕಚೇರಿಯ ದಾಖಲೆಯನ್ನು ತಾನೇ ಕೇಳಿ ನೋಡುತ್ತದೆ. ಒಂದು ಇಲಾಖೆ ಇನ್ನೊಂದರ ಮಾತನ್ನು ನಂಬುವ ಇದೂ ನಮ್ಮ ಕಥೆಯದೇ ಒಂದು ಕವಲು. ಅದರಿಂದ ನಕಲು ಪ್ರತಿಗಳ ಕಟ್ಟು ಹಿಡಿದು ಅಲೆಯುವುದು ತಪ್ಪಿತು. ಆದರೆ ಶಾಲೆಯ ದಾಖಲೆಯಲ್ಲಿ ಲಕ್ಷ್ಮಿ, ಆಧಾರಿನಲ್ಲಿ ಲಕ್ಷ್ಮೀ ಎಂದಿದ್ದರೆ, ಇಂಗ್ಲಿಷಿನ ಒಂದು ಅಕ್ಷರ ಹೆಚ್ಚುಕಡಿಮೆಯಾದರೆ, ಇನಿಷಿಯಲ್ ಹಿಂದಿದ್ದದ್ದು ಮುಂದೆ ಬಂದರೆ, ಇಬ್ಬರೂ ಒಬ್ಬಳೇ ಎಂದು ಯಂತ್ರಕ್ಕೆ ಹೇಳುವವರು ಯಾರು? ಮೇಷ್ಟರಿಗೆ ಹುಡುಗಿಯ ಮುಖ ಗೊತ್ತು. ಯಂತ್ರಕ್ಕೆ ಅಕ್ಷರ ಗೊತ್ತು.

ಶಕುಂತಲೆಯ ಉಂಗುರವನ್ನು ಪಕ್ಕಕ್ಕಿಟ್ಟಿದ್ದೆವಲ್ಲ. ಮಾಗಡಿ ರಸ್ತೆಯಲ್ಲಿ ನನಗೆ ಪರಿಚಯದ ಒಬ್ಬ ಸಣ್ಣ ತಯಾರಕರಿದ್ದಾರೆ. ಅವರ ಲೆಕ್ಕವನ್ನೆಲ್ಲ ಒಬ್ಬ ಗುಮಾಸ್ತ ನೋಡಿಕೊಳ್ಳುತ್ತಿದ್ದ. ಜಿಎಸ್‌ಟಿ ನೋಂದಣಿಯ ದಿನ ಯಜಮಾನರು 'ನನಗೆ ಆ ಫೋನು ಗೀನು ಬೇಡಪ್ಪ, ನಿನ್ನ ನಂಬರೇ ಹಾಕು' ಎಂದಿದ್ದರು. ವರ್ಷಗಳ ನಂತರ ಅವನು ಕೆಲಸ ಬಿಟ್ಟು ಊರಿಗೆ ಹೋದ, ನಂಬರನ್ನೂ ಬದಲಿಸಿದ. ಇ-ವೇ ಬಿಲ್ಲಿನ ತಾಣಕ್ಕೆ ಪಾಸ್‌ವರ್ಡಿನ ಜೊತೆಗೆ ಫೋನಿಗೆ ಬರುವ ಓಟಿಪಿಯೂ ಬೇಕೆಂಬ ನಿಯಮ ದೊಡ್ಡವರಿಂದ ಆರಂಭವಾಗಿ 2025ರ ಏಪ್ರಿಲ್ 1ರಿಂದ ಎಲ್ಲರಿಗೂ ಅನ್ವಯವಾಯಿತು. ಒಂದು ಮಧ್ಯಾಹ್ನ ಸರಕು ತುಂಬಿದ ಲಾರಿ ಶೆಡ್ಡಿನ ಮುಂದೆ ನಿಂತಿದೆ, ಸರಕಿನ ಬೆಲೆ 50,000 ರೂಪಾಯಿಗಿಂತ ಎಷ್ಟೋ ಹೆಚ್ಚು, ಬಿಲ್ಲಿಲ್ಲದೆ ಕದಲುವಂತಿಲ್ಲ. ಓಟಿಪಿ ಹೋಗುತ್ತಿದ್ದದ್ದು ಯಾರ ಕೈಯಲ್ಲೂ ಇಲ್ಲದ ಫೋನಿಗೆ. ಯಜಮಾನರು ತಮ್ಮದೇ ಅಂಗಡಿಯ ಹೊರಗೆ ನಿಂತ ದುಷ್ಯಂತನ ಸಭೆಯ ಶಕುಂತಲೆಯಾಗಿದ್ದರು, ಮುಖವಿದೆ, ಉಂಗುರವಿಲ್ಲ.

ಇದಕ್ಕೆ ದಾರಿ ಇತ್ತು. ನೋಂದಾಯಿಸಿದ ಫೋನು ಮತ್ತು ಇ-ಮೇಲ್ ಕೈಬಿಟ್ಟುಹೋದ ವ್ಯಾಪಾರಿಗಳು ತಮ್ಮ ವ್ಯಾಪ್ತಿಯ ತೆರಿಗೆ ಅಧಿಕಾರಿಯ ಬಳಿಗೆ ದಾಖಲೆಗಳೊಡನೆ ಹೋಗಬಹುದು. ಅಧಿಕಾರಿ ಅವನ್ನು ಪರಿಶೀಲಿಸಿ ತಮ್ಮ ಲಾಗಿನ್‌ನಿಂದ ಹೊಸ ನಂಬರನ್ನು ದಾಖಲಿಸುತ್ತಾರೆ. ಯಜಮಾನರು ನೋಂದಣಿ ಪತ್ರ, ಪಾನ್ ಕಾರ್ಡ್, ಶೆಡ್ಡಿನ ಬಾಡಿಗೆ ಕರಾರು ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿಕೊಂಡು, ಹೊಸಹಳ್ಳಿಯಲ್ಲಿ ಮೆಟ್ರೋ ಹತ್ತಿ ಕಚೇರಿಗೆ ಹೋದರು. ಅಲ್ಲಿದ್ದ ಅಧಿಕಾರಿಣಿ ಕಾಗದಗಳನ್ನು ನೋಡಿದರು, ಪಾನ್ ಕಾರ್ಡಿನ ಹಳೆಯ ಭಾವಚಿತ್ರವನ್ನು ನೋಡಿದರು, ತಲೆಯೆತ್ತಿ ಇವರ ಮುಖ ನೋಡಿದರು, ಮತ್ತೆ ಭಾವಚಿತ್ರ ನೋಡಿ 'ಆಗ ಮೀಸೆ ಇತ್ತು' ಎಂದರು. ಲಾರಿ ಹೊರಟಿದ್ದು ಮಾರನೆಯ ದಿನ ಸಂಜೆ.